ಹೊಸ ತಂಡದೊಡನೆ ಮೊದಲ ಹಾಕಿ ಪಂದ್ಯ

ಕಳೆದ ಮಳೆಗಾಲದಲ್ಲಿ ಹಾಸನದಲ್ಲಿ ಕೂಡಿಕೊಂಡ ನಮ್ಮ ಹವ್ಯಾಸಿ ಹಾಕಿ ತಂಡವು, ಹಾಸನಾಂಬೆಯ ದರ್ಶನೋತ್ಸವ ಮುಗಿದು ಊರಿನ ರಸ್ತೆಗಳು ಮತ್ತೆ ತೆರವಾದ ಮೇಲೆ ಬಂದ ಭಾನುವಾರ, ಸಕಲೇಶಪುರದ ಕಡೆಯ ತಂಡವೊಂದರ ಜೊತೆ ತನ್ನ ಮೊದಲ ಪಂದ್ಯವನ್ನಾಡಿತು. ನಮ್ಮಲ್ಲಿ ಕಾಲೇಜಿನ ಅಧ್ಯಾಪಕರಿದ್ದಾರೆ, ಅವರ ಬಳಿಯೇ ಓದುವ ಹುಡುಗರಿದ್ದಾರೆ, ಕಾಫಿ ಕ್ಯೂರಿಂಗ್ ಘಟಕದಲ್ಲಿ ಕೆಲಸ ಮಾಡುವವರು, ಬಸ್ ಡಿಪೋದ ಮೆಕ್ಯಾನಿಕ್ ಒಬ್ಬರು ಮತ್ತು ಕೊಡಗಿನ ಕೊಡ್ಲಿಪೇಟೆಯಿಂದ ಬಂದು ಇಲ್ಲಿಯೇ ನೆಲೆಸಿರುವ ಹಿರಿಯರೊಬ್ಬರು ಇದ್ದಾರೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವದ ಮಾತು ಬಂದರೆ ಈ ಹಿರಿಯರ ಮುಖವೇ ಬೇರೆಯಾಗುತ್ತದೆ. ನಮ್ಮ ಗೋಲ್‌ಕೀಪರ್ ಅವರೇ.

ನನಗೆ ದೊರೆತದ್ದು ಲೆಫ್ಟ್ ಹಾಫ್ ಸ್ಥಾನ, ಅಂದರೆ ನಡುಸಾಲಿನ ಎಡಬದಿಯನ್ನು ಕಾಯುವ ಕೆಲಸ. ಹಾಕಿಯಲ್ಲಿ ಎಡಗೈಯವರಿಗೆಂದು ಬೇರೆ ಸ್ಟಿಕ್ ಇಲ್ಲ; ಎಲ್ಲರೂ ಒಂದೇ ಬಗೆಯ ಸ್ಟಿಕ್ಕನ್ನು ಹಿಡಿದು, ಅದರ ಚಪ್ಪಟೆ ಬದಿಯಿಂದಲೇ ಚೆಂಡನ್ನು ಆಡಬೇಕು. ಹೀಗಾಗಿ ರಕ್ಷಣೆಗೆ ನಿಂತವನ ಬಲಭಾಗ ಗಟ್ಟಿ, ಎಡಭಾಗ ದುರ್ಬಲ. ಎದುರಾಳಿಯ ರೈಟ್ ವಿಂಗ್ ಆಟಗಾರ, ಅಂದರೆ ಬಲ ಅಂಚಿನಿಂದ ದಾಳಿ ಮಾಡುವವನು, ಮೈದಾನದ ಪಕ್ಕದ ಗೆರೆಯ ಗುಂಟ ಓಡಿಬರುವಾಗ ಲೆಫ್ಟ್ ಹಾಫ್ ಆದವನ ಈ ದುರ್ಬಲ ಬದಿಯನ್ನೇ ಹುಡುಕುತ್ತಾನೆ, ಆಗ ಸ್ಟಿಕ್ಕನ್ನು ತಿರುಗಿಸಿ ರಿವರ್ಸ್‌ನಲ್ಲಿ ತಡೆಯುವುದಕ್ಕಿಂತ ಮೊದಲೇ ಒಂದು ಹೆಜ್ಜೆ ಗೆರೆಯ ಕಡೆಗೆ ಸರಿದು, ಅವನನ್ನು ಮೈದಾನದ ಒಳಕ್ಕೆ, ಅಂದರೆ ನಡುವಿನಲ್ಲಿ ಆಡುವ ನಮ್ಮ ಸೆಂಟರ್ ಹಾಫ್ ಇರುವ ಕಡೆಗೆ ತಿರುಗುವಂತೆ ಮಾಡುವುದೇ ಕ್ಷೇಮ. ಆದರೆ ಸೆಂಟರ್ ಹಾಫ್ ಅಲ್ಲಿ ಇದ್ದಾರೆಯೇ ಎಂಬುದು ಲೆಫ್ಟ್ ಹಾಫ್‌ಗೆ ತಿಳಿದಿರಬೇಕು. ಅವನ ಕಣ್ಣು ಚೆಂಡಿನ ಮೇಲಿರುವುದರಿಂದ ಅದು ಕಿವಿಯಿಂದಲೇ ತಿಳಿಯಬೇಕು.

ನಮ್ಮ ತಂಡಕ್ಕೆ ಇನ್ನೂ ಒದಗಿರದಿದ್ದುದು ಇದೇ. ಓಟ ಇತ್ತು, ಕೈಚಳಕವೂ ಇತ್ತು, ಮೈದಾನದಲ್ಲಿ ಮಾತು ಮಾತ್ರ ಇರಲಿಲ್ಲ.

1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ದೊಡ್ಡ ಹಾಕಿಯೆಲ್ಲ ಕೃತಕ ಹುಲ್ಲಿಗೆ ಸರಿಯಿತು. ಅಲ್ಲಿ ಚೆಂಡು ನೇರವಾಗಿ, ನಂಬುವಂತೆ ಉರುಳುತ್ತದೆ. ನಾವು ಆಡಿದ್ದು ಮಳೆಗೆ ಕೊರೆದು ಬಿಸಿಲಿಗೆ ಗಟ್ಟಿಯಾದ ಮಣ್ಣಿನ ಮೈದಾನದಲ್ಲಿ, ಮೇಲೆ ಬೆಳಗಿನ ಇಬ್ಬನಿ ಬೇರೆ. ಅಂಥ ನೆಲದಲ್ಲಿ ಚೆಂಡು ಕೊನೆಯ ಗಳಿಗೆಯಲ್ಲಿ ಪುಟಿಯುತ್ತದೆ. ಕಾಲಿಗೆ ತಗುಲಿದರೆ ಫೌಲ್ ಆಗುವುದರಿಂದ ಸ್ಟಿಕ್ಕನ್ನು ಬೇಗನೆ ಕೆಳಗಿಳಿಸಿ, ತುಸು ಮುಂದಕ್ಕೆ ಬಾಗಿಸಿ ಕಾಯಬೇಕು. ಮಣ್ಣಿನಲ್ಲಿ ಕಲಿತವರಿಗೆ ಚೆಂಡನ್ನು ನಿಲ್ಲಿಸುವ ವಿದ್ಯೆ ಬೇಗ ಬರುತ್ತದೆಂದು ನಾನು ನಂಬಿದ್ದೇನೆ, ಆ ದಿನ ನಮ್ಮ ಹುಡುಗರು ಅದನ್ನು ಚೆನ್ನಾಗಿಯೇ ತೋರಿಸಿದರು.

ಮೊದಲ ಗೋಲು ಬಿದ್ದದ್ದು ಯಾರ ಅಸಾಮರ್ಥ್ಯದಿಂದಲೂ ಅಲ್ಲ. ಗೋಲಿನ ಮುಂದಿನ ಡಿ ವೃತ್ತದ ಅಂಚಿನಲ್ಲಿ ನಿಧಾನವಾಗಿ ಬಂದ ಚೆಂಡೊಂದಕ್ಕೆ ಸೆಂಟರ್ ಹಾಫ್ ಆಗಿದ್ದ ಅಧ್ಯಾಪಕರೂ ಹಿಂದೆ ಗೋಲಿನ ಬಳಿ ಕಾಯುವ ಫುಲ್ ಬ್ಯಾಕ್ ಆಗಿದ್ದ ಅವರ ವಿದ್ಯಾರ್ಥಿಯೂ ಒಟ್ಟಿಗೆ ಹೊರಟರು. ವಿದ್ಯಾರ್ಥಿಗೆ ದಾರಿ ಹತ್ತಿರವಿತ್ತು, ಆದರೆ ತನ್ನ ಮೇಷ್ಟರಿಗೆ ‘ಬಿಡಿ’ ಎಂದು ಕೂಗಲು ಅವನಿಗೆ ಬಾಯಿ ಬರಲಿಲ್ಲ. ಅವನು ನಿಂತ, ಅವನು ಹೋಗುತ್ತಾನೆಂದುಕೊಂಡು ಅವರೂ ನಿಂತರು. ಎದುರಾಳಿಯ ಫಾರ್ವರ್ಡ್ ಇಬ್ಬರ ನಡುವೆ ನುಗ್ಗಿ ಹೊಡೆದ.

ಅಂತರರಾಷ್ಟ್ರೀಯ ಪಂದ್ಯಗಳಲ್ಲಿ 15 ನಿಮಿಷಗಳ ನಾಲ್ಕು ಅವಧಿಗಳಿರುತ್ತವೆ; ನಾವು 25 ನಿಮಿಷಗಳ ಎರಡು ಅವಧಿಗಳಿಗೆ ಒಪ್ಪಿಕೊಂಡಿದ್ದೆವು. ವಿರಾಮದಲ್ಲಿ ಕೊಡ್ಲಿಪೇಟೆಯ ಹಿರಿಯರು ಪ್ಯಾಡ್ ಬಿಚ್ಚದೆಯೇ ಎಲ್ಲರನ್ನೂ ಕರೆದರು. “ಹಿಂದೆ ನಿಂತವನಿಗೆ ಇಡೀ ಆಟ ಕಾಣುತ್ತೆ. ಕಂಡದ್ದನ್ನ ಕೂಗಿ ಹೇಳ್ಬೇಕು. ಇಲ್ಲಿ ಮೇಷ್ಟ್ರು, ಹುಡುಗ ಅಂತ ಇಲ್ಲ, ಸಾರ್ ನೀವೂ ಕೇಳಿಸ್ಕೊಳ್ಳಿ,” ಎಂದರು. ಅಧ್ಯಾಪಕರು ತಕ್ಷಣ ಆ ಹುಡುಗನ ಕಡೆ ತಿರುಗಿ, “ಜೋರಾಗಿ ಕೂಗಪ್ಪ, ನಾನು ಬಿಟ್ಟುಕೊಡ್ತೀನಿ,” ಎಂದು ಹೇಳಿದ್ದು ನನಗೆ ಬಹಳ ಹಿಡಿಸಿತು. ಅಷ್ಟು ಮಂದಿಯ ಮುಂದೆ ಅವರು ಹಾಗೆ ಹೇಳದೇ ಹೋಗಿದ್ದರೆ ಹಿರಿಯರ ಬುದ್ಧಿಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಎರಡನೆಯ ಅವಧಿಯಲ್ಲಿ ಆಟ ಬದಲಾಯಿತು. “ಎಡಕ್ಕೆ ಒಬ್ಬ!”, “ನಿಲ್ಲಿಸಿ, ನಾನಿದೀನಿ!” ಎಂಬ ಕೂಗುಗಳು ಹಿಂದಿನಿಂದ ಬರತೊಡಗಿದವು. ರೈಟ್ ವಿಂಗ್ ಆಟಗಾರನನ್ನು ಒಳಕ್ಕೆ ತಿರುಗಿಸಿದಾಗ ಅಲ್ಲಿ ನಮ್ಮವರೊಬ್ಬರು ಸಿದ್ಧರಾಗಿದ್ದಾರೆಂದು ನೋಡದೆಯೇ ನನಗೆ ಗೊತ್ತಾಗುತ್ತಿತ್ತು, ಆ ನೆಮ್ಮದಿಯನ್ನು ಅನುಭವಿಸಿಯೇ ತಿಳಿಯಬೇಕು.

ನಮಗೊಂದು ಪೆನಾಲ್ಟಿ ಕಾರ್ನರ್, ಅಂದರೆ ಎದುರಾಳಿಯ ತಪ್ಪಿಗೆ ಅವರ ಗೋಲಿನ ಬಳಿ ಸಿಗುವ ಹೊಡೆತದ ಅವಕಾಶ, ಸಿಕ್ಕಿತು. ಗೋಲ್ ಕಂಬದಿಂದ 10 ಮೀಟರ್ ಆಚೆ, ಹಿಂಗೆರೆಯಿಂದ ಮೆಕ್ಯಾನಿಕ್ ಅಣ್ಣ ಚೆಂಡನ್ನು ಪುಷ್ ಮಾಡಿದರು. ಚೆಂಡು ವೃತ್ತದಿಂದ ಹೊರಗೆ ಹೋಗದ ಹೊರತು ಗೋಲಿಗೆ ಹೊಡೆಯುವಂತಿಲ್ಲ; ಗೋಲಿನತ್ತ ಮೊದಲ ಹೊಡೆತ ಹಿಟ್, ಅಂದರೆ ಸ್ಟಿಕ್ ಬೀಸಿ ಹೊಡೆದದ್ದು, ಆಗಿದ್ದರೆ ಅದು ಗೋಲಿನೊಳಗಿನ 460 ಮಿಲಿಮೀಟರ್ ಎತ್ತರದ ಹಿಂಬದಿ ಹಲಗೆಗಿಂತ ಮೇಲೆ ಹೋಗಲೂ ಬಾರದು. ಅಧ್ಯಾಪಕರು ನೆಲ ನೋಡಿ ಚೆಂಡನ್ನು ನಿಲ್ಲಿಸಿದರು, ಆ ವಿದ್ಯಾರ್ಥಿಯೇ “ಬಿಡಿ ಸಾರ್!” ಎಂದು ಕೂಗುತ್ತಾ ಬಂದು ಹೊಡೆದ. ಚೆಂಡು ಹಲಗೆಗೆ ಬಡಿದ ಸದ್ದು ಮೈದಾನದ ಆಚೆ ತುದಿಗೂ ಕೇಳಿಸಿತು.

ಪಂದ್ಯ 1–1ರಲ್ಲಿ ಮುಗಿಯಿತು. ಮರುಪಂದ್ಯಕ್ಕೆ ನಾವು ಸಕಲೇಶಪುರಕ್ಕೆ ಹೋಗಬೇಕಾಗಿದೆ. ಅಷ್ಟರೊಳಗೆ ಪೆನಾಲ್ಟಿ ಕಾರ್ನರ್ ತಡೆಯುವ ಐವರು ಯಾರೆಂದು ಗೊತ್ತುಮಾಡಿ, ಅವರಿಗೆ ಮುಖಗವಸುಗಳನ್ನು ಹೊಂದಿಸಿ, ವಾರಕ್ಕೊಂದು ಬೆಳಗ್ಗೆ ಬರೀ ಅದನ್ನೇ ಅಭ್ಯಾಸ ಮಾಡುವುದೆಂದು ತೀರ್ಮಾನಿಸಿದ್ದೇವೆ.