ಹೀರೋನ ಬಿಟ್ಟು ಪಕ್ಕದವರನ್ನ ನೋಡೋ ಆಟ: ಈ ಮಳೆಗಾಲದ ಸಿನಿಮಾ ಲೆಕ್ಕ

ಈ ಮಳೆಗಾಲಕ್ಕೆ ನಾನೇ ಹಾಕ್ಕೊಂಡ ನಿಯಮ ಇದು: ಹಳೇ ಸಿನಿಮಾ ಮತ್ತೆ ನೋಡುವಾಗ ನಾಯಕ-ನಾಯಕಿ ಕಡೆ ಕಣ್ಣು ಹಾಕೋ ಹಾಗಿಲ್ಲ. ಪಕ್ಕದಲ್ಲಿ ನಿಂತವರು, ಬಾಗಿಲ ಹಿಂದಿನವರು, ಎರಡು ಮಾತಾಡಿ ಹೋಗೋರು, ಅವರನ್ನಷ್ಟೇ ನೋಡಬೇಕು. ಹೊಸ ಸಿನಿಮಾಕ್ಕೆ ವಿನಾಯಿತಿ. ಬರೆದಿಡೋ ಪುಸ್ತಕದಲ್ಲಿ ದಿನಾಂಕ ಹಾಕ್ತಿಲ್ಲ, ಮಳೆ ಹೆಸರು ಹಾಕ್ತಿದೀನಿ. ಜೂನಿಂದ ಅಕ್ಟೋಬರ್ ತನಕ ಚಿಕ್ಕಮಗಳೂರಲ್ಲಿ ಕ್ಯಾಲೆಂಡರಿಗಿಂತ ಅದೇ ವಾಸಿ.

ಆರಿದ್ರಾ

ಊರಿನ ಸಿನಿಮಾದಿಂದಲೇ ಶುರು ಮಾಡೋಣ ಅಂತ 'ಬೆಳ್ಳಿ ಮೋಡ' ಹಾಕಿದೆ. 1967ರದ್ದು, ತ್ರಿವೇಣಿ ಕಾದಂಬರಿ, ಕನ್ನಡದಲ್ಲಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ಮೊದಲ ಚಿತ್ರ. ನಮ್ಮ ಬೆಟ್ಟ, ನಮ್ಮ ಕಾಫಿ ತೋಟ, ಎಲ್ಲಾ ಕಪ್ಪು-ಬಿಳುಪಲ್ಲಿ. ಆಟಕ್ಕೆ ಇದಕ್ಕಿಂತ ಕಷ್ಟದ ಸಿನಿಮಾ ಸಿಗಲ್ಲ: ಕಲ್ಪನಾ ತೆರೆ ಮೇಲಿದ್ರೆ ಇನ್ನೊಬ್ಬರನ್ನ ಯಾರು ನೋಡ್ತಾರೆ! ಆದರೂ ಹಟ ಹಿಡಿದು ಅಪ್ಪನ ಪಾತ್ರದ ಅಶ್ವತ್ಥ್ ಅವರನ್ನೇ ನೋಡ್ತಾ ಕೂತೆ. ಭಾವಿ ಅಳಿಯ ಮೋಹನನನ್ನ ತನ್ನ ದುಡ್ಡಲ್ಲೇ ಅಮೆರಿಕಕ್ಕೆ ಓದೋಕೆ ಕಳಿಸ್ತಾರೆ. ಅವನು ಅಲ್ಲಿದ್ದಾಗ ಇಲ್ಲಿ ಮನೆಗೊಂದು ಗಂಡು ಮಗು ಹುಟ್ಟತ್ತೆ. ತೋಟಕ್ಕೆ ವಾರಸುದಾರ ಬಂದ, ಮೋಹನನ ಪ್ರೀತಿ ಅಲ್ಲಿಗೆ ಆರಿಹೋಯ್ತು. ಒಂದು ಮಾತೂ ಆಡದ ಆ ಕೂಸು ಇಡೀ ಕಥೇನ ತಿರುಗಿಸಿಬಿಡತ್ತೆ. ಪಕ್ಕದವರ ಪಟ್ಟಿಯಲ್ಲಿ ಮೊದಲ ಹೆಸರು ಅದರದ್ದೇ.

ಜೊತೆಗೆ ಕೂತಿದ್ದ ಅಮ್ಮ ಅವರೆಕಾಳು ಬಿಡಿಸೋ ಕೈ ನಿಲ್ಲಿಸದೆ, "ಅವನು ಹುಡುಗೀನ ನೋಡಿರ್ಲಿಲ್ಲ ಕಣೋ, ತೋಟ ನೋಡಿದ್ದ" ಅಂದ್ರು. ನಾನು ಎರಡು ಪುಟ ಗೀಚಿದ್ದನ್ನ ಹೊಡೆದುಹಾಕಿ ಅದನ್ನೇ ಬರ್ಕೊಂಡೆ.

ಬೇಂದ್ರೆಯವರ 'ಮೂಡಲ ಮನೆಯ' ಬಂದಾಗ ವಿಜಯಭಾಸ್ಕರ್ ಸಂಗೀತಕ್ಕೆ ಕಣ್ಮುಚ್ಚಿ ಕೂತೆ. ಕೊನೆಯಲ್ಲಿ ಕಲ್ಪನಾರ ಇಂದಿರಾ ಮೋಹನನನ್ನ ಒಲ್ಲೆ ಅನ್ನುವಾಗ ಮಾತ್ರ ನಿಯಮಕ್ಕೆ ಐದು ನಿಮಿಷ ರಜೆ. ಅರವತ್ತರ ದಶಕದಲ್ಲಿ ಹಾಗೊಂದು 'ಒಲ್ಲೆ'! ಎದ್ದು ನಿಂತು ಚಪ್ಪಾಳೆ ಹೊಡೆದೆ, ಮನೇಲೇ.

ಪುನರ್ವಸು

ಕರೆಂಟು ಇದ್ದಷ್ಟು ಹೊತ್ತು 'ತಬರನ ಕಥೆ'. ಅದು ಮುಗಿಯೋಕೆ ಎರಡು ರಾತ್ರಿ ಹಿಡೀತು.

ಮೂಡಿಗೆರೆಯ ತೇಜಸ್ವಿ ಕಥೆ, ಗಿರೀಶ್ ಕಾಸರವಳ್ಳಿ ನಿರ್ದೇಶನ. 1986ರ ಸಾಲಿನ ಅತ್ಯುತ್ತಮ ಚಿತ್ರ ರಾಷ್ಟ್ರಪ್ರಶಸ್ತಿ ಇದಕ್ಕೇ, ಅತ್ಯುತ್ತಮ ನಟ ಪ್ರಶಸ್ತಿ ಚಾರುಹಾಸನ್ ಅವರಿಗೆ. ಮೊದಲ ಸಲ ನೋಡಿದಾಗ ಎಲ್ಲರ ಹಾಗೆ ನಾನೂ ಪಿಂಚಣಿಗಾಗಿ ಅಲೆಯೋ ತಬರನ ಮುಖಾನೇ ನೋಡಿದ್ದೆ. ಈ ಸಲ ಮೇಜಿನ ಆ ಕಡೆ ಕೂತವರನ್ನ ನೋಡಿದೆ. ಅಬ್ಬಾ! ಖಳನಾಯಕ ಅನ್ನೋ ಹಾಗೆ ಒಬ್ಬನೂ ಇಲ್ಲ. ಒಬ್ಬನಿಗೆ ಒಂದು ಕಾಗದ ಬೇಕು, ಇನ್ನೊಬ್ಬನಿಗೆ ಅದರ ಮೇಲೊಂದು ಸಹಿ ಬೇಕು, ಮತ್ತೊಬ್ಬ ನಾಳೆ ಬಾ ಅಂತಾನೆ. ಯಾರೂ ತಬರನನ್ನ ಕೊಲ್ಲಲ್ಲ, ಎಲ್ಲರೂ ಸೇರಿ ಮುಗಿಸ್ತಾರೆ. ಕಾಫಿಯವರಿಂದ ತೆರಿಗೆ ವಸೂಲಿ ಮಾಡೋ ಕೆಲಸ ಅವನ ತಲೆಗೆ ಕಟ್ಟಿ, ವಸೂಲಾಗದ ಲೆಕ್ಕ ಅವನ ಮೇಲೇ ಹೊರಿಸೋ ಭಾಗ ಇದೆಯಲ್ಲ, ಕಾಫಿ ಸೀಮೆಯವರಿಗೆ ಅದು ಬೇರೆ ಥರಾನೇ ಚುಚ್ಚತ್ತೆ. ಕೊಡದೆ ಉಳಿದವರು ನಮ್ಮ ಕಡೆಯವರೇ ತಾನೆ?

ಇನ್ನು ಅಪ್ಪಿ. ತಬರನ ಹೆಂಡತಿ, ಸಕ್ಕರೆ ಕಾಯಿಲೆ, ಮಾಯದ ಕಾಲಿನ ಗಾಯ. ನಳಿನಾ ಮೂರ್ತಿ ಆ ಪಾತ್ರ ಮಾಡಿದಾರೆ. ಗಂಡ ಆಫೀಸುಗಳ ಮುಂದೆ ಕಾಯ್ತಿರುವಾಗ ಅವಳು ಮನೇಲಿ ಕಾಯ್ತಿರ್ತಾಳೆ. ಅವನ ಅಲೆದಾಟ ನಮಗೆ ಪೂರ್ತಿ ಗೊತ್ತಾಗತ್ತೆ, ಇವಳ ಹಗಲು ನಾವೇ ಊಹಿಸ್ಕೋಬೇಕು. ನನಗೀಗ ಇದು ಅಪ್ಪಿಯ ಸಿನಿಮಾ. ಯಾರಾದ್ರೂ ಜಗಳಕ್ಕೆ ಬಂದ್ರೆ ಸಿದ್ಧ.

ಪುಷ್ಯ

ಮಳೆ ಅಂದ್ರೆ ಮಳೆ. ಛತ್ರಿ ಹಿಡಿದೂ ತೊಪ್ಪೆಯಾಗಿ ಟಾಕೀಸಿಗೆ ಹೋಗಿದ್ದು 'ಸು ಫ್ರಮ್ ಸೋ'ಗೆ. ಜುಲೈ 25, 2025ಕ್ಕೆ ಬಿಡುಗಡೆ. ಜೆ.ಪಿ. ತುಮಿನಾಡು ನಿರ್ದೇಶನ, ಅಶೋಕನ ಪಾತ್ರಾನೂ ಅವರದ್ದೇ. ಮಾಡಬಾರದ್ದು ಮಾಡಿ ಸಿಕ್ಕಿಬಿದ್ದವನು ಮೈಮೇಲೆ ಬಂದ ಹಾಗೆ ನಟಿಸ್ತಾನೆ. ಬಂದಿದ್ದು ಸೋಮೇಶ್ವರದ ಸುಲೋಚನ ಅಂತ ಊರೇ ನಂಬತ್ತೆ. ಅಷ್ಟೇ ಕಥೆ. ನಕ್ಕೂ ನಕ್ಕೂ ಪಕ್ಕದ ಸೀಟಿನ ಅಪರಿಚಿತರ ಭುಜ ಹಿಡ್ಕೊಂಡಿದ್ದೆ, ಅವರೂ ಬೇಡ ಅನ್ಲಿಲ್ಲ.

ಇಲ್ಲಿ ನನ್ನ ಆಟ ನಡೀಲೇ ಇಲ್ಲ, ಯಾಕಂದ್ರೆ ಇದರಲ್ಲಿರೋದೆಲ್ಲಾ ಪಕ್ಕದವರೇ! ಶನೀಲ್ ಗೌತಮ್ ಅವರ ರವಿಯಣ್ಣನ್ನ ನೋಡಿ. ಮದುವೆ ಮನೇಲಿ ಬಡಿಸೋಕೆ ಮುಂದೆ, ಸಾವಿನ ಮನೇಲಿ ಸೌದೆ ಹೊಂದಿಸೋಕೆ ಮುಂದೆ, ಕೇಳದಿದ್ರೂ ಸಲಹೆ ಕೊಡೋಕೆ ಎಲ್ಲರಿಗಿಂತ ಮುಂದೆ. ಇಂಥ ಅಣ್ಣ ಇಲ್ಲದ ಊರು ಇದೆಯಾ? ಅವರು ಬಂದಾಗಲೆಲ್ಲಾ ಹಿಂದಿನ ಸಾಲಿಂದ ಶಿಳ್ಳೆ. ಚಂದ್ರನಾಗಿ ಪ್ರಕಾಶ್ ತುಮಿನಾಡು ಸುಮ್ಮನೆ ನೋಡಿದ್ರೂ ನಗು. ಕರಾವಳಿ ಮಾತು ನಮ್ಮೂರವರಿಗೆ ಅರ್ಥ ಆಗತ್ತಾ ಅಂತ ಅನುಮಾನ ಇತ್ತು; ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿದ್ರೆ ಅದೇ ಸೀಮೆ ಅಲ್ವಾ, ಒಂದು ಮಾತೂ ವ್ಯರ್ಥ ಆಗ್ಲಿಲ್ಲ.

ದ್ವಿತೀಯಾರ್ಧದಲ್ಲಿ ಸುಲೋಚನಳ ಮಗಳು ಭಾನು ಬರ್ತಾಳೆ, ಸಂಧ್ಯಾ ಅರಕೆರೆ. ಅಲ್ಲೀತನಕ ಬರೀ ತಮಾಷೆಯಾಗಿದ್ದ ಹೆಸರಿಗೆ ಒಂದು ಹೆಣ್ಣಿನ ಬದುಕು ಇತ್ತು ಅಂತ ಆಗ ತಟ್ಟತ್ತೆ. ತೆರೆ ಮೇಲೆ ಒಂದ್ಸಲಾನೂ ನೆಟ್ಟಗೆ ಬರದವಳು ಇಡೀ ಸಿನಿಮಾದ ಪಕ್ಕದಲ್ಲೇ ನಿಂತಿದ್ಲು. ಈ ವರ್ಷದ ಖುಷಿ ಅಂದ್ರೆ ಇದೇ, ಅನುಮಾನಾನೇ ಇಲ್ಲ.

ಆಶ್ಲೇಷ

'ಮುಂಗಾರು ಮಳೆ'. ಸಕಲೇಶಪುರದ ಹಸಿರು, ಕೃಷ್ಣ ಅವರ ಕ್ಯಾಮೆರಾ, ಅನಂತ್ ನಾಗ್. ಮೊಲ ದೇವದಾಸ ಪಟ್ಟಿಗೆ ಸೇರಿದ. 2006ರಲ್ಲಿ ಕಣ್ಣೀರು ಹಾಕಿದ ಜಾಗಕ್ಕೆಲ್ಲಾ ಈಗ ಬರೀ ಹಾಡು ಕೇಳಿಸ್ತು. ಮುಂದೆ ಹೋಗೋಣ.

ಮಘೆ

'ಸಂಸ್ಕಾರ', 1970. ನಮ್ಮ ಜಿಲ್ಲೆಯ ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ ತೆಗೆದಿದ್ದು. ನಿರ್ದೇಶನ ಪಟ್ಟಾಭಿರಾಮ ರೆಡ್ಡಿ, ಕ್ಯಾಮೆರಾ ಆಸ್ಟ್ರೇಲಿಯಾದ ಟಾಮ್ ಕೋವನ್. ಸೆನ್ಸಾರಿನವರು ಮೊದಲು ತಡೆದ ಈ ಚಿತ್ರಕ್ಕೇ ಆಮೇಲೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು, ಕನ್ನಡಕ್ಕೆ ಅದು ಮೊದಲನೇದು.

ಕಾರ್ನಾಡರ ಪ್ರಾಣೇಶಾಚಾರ್ಯರನ್ನ ಬಿಟ್ಟು ಪುಟ್ಟನ ಹಿಂದೆ ಬಿದ್ದೆ. ದಾರೀಲಿ ಗಂಟುಬೀಳೋ ಆ ವಾಚಾಳಿ ಮಾಲೇರ ಪುಟ್ಟ. ಆಚಾರ್ಯರಿಗೆ ಒಂಟಿಯಾಗಿರಬೇಕು, ಇವನು ಬಿಡಲ್ಲ. ವೇದಾಂತದಲ್ಲಿ ಮುಳುಗಿದ ಮನುಷ್ಯನನ್ನ ಕೈ ಹಿಡಿದು ಜಾತ್ರೆಗೆ, ಕೋಳಿ ಅಂಕಕ್ಕೆ ಎಳ್ಕೊಂಡು ಹೋಗ್ತಾನೆ. ಅವನಿಲ್ಲದಿದ್ರೆ ಆಚಾರ್ಯರ ತೊಳಲಾಟ ಬರೀ ಚರ್ಚೆಯಾಗಿ ಉಳೀತಿತ್ತು ಅಂತ ನನ್ನ ಲೆಕ್ಕ. ಸತ್ತ ನಾರಣಪ್ಪನ ಹೆಣ ಎತ್ತೋರಿಲ್ಲದೆ ಒದ್ದಾಡೋ ಅಗ್ರಹಾರದಲ್ಲಿ ದಾರಿ ಕೇಳೋಕೆ ಕಾಯದೆ ಕೆಲಸ ಮುಗಿಸೋಳು ಅವನ ಜೊತೆ ಬಾಳಿದ ಚಂದ್ರಿ. ಸ್ನೇಹಲತಾ ರೆಡ್ಡಿ ಅವರ ಕಣ್ಣಿನ ಬಗ್ಗೆ ಬರೆಯೋಕೆ ಬೇರೆ ಪುಸ್ತಕವೇ ಬೇಕು.

ಹಸ್ತ

ಅಕ್ಟೋಬರ್ 2ರಂದು 'ಕಾಂತಾರ: ಚಾಪ್ಟರ್ 1' ಬಂತು. ಜನಜಾತ್ರೆ. ಅಜನೀಶ್ ಲೋಕನಾಥ್ ಸಂಗೀತಕ್ಕೆ ಕುರ್ಚಿ ನಡುಗ್ತು, ಅರವಿಂದ್ ಕಶ್ಯಪ್ ಬೆಳಕಿಗೆ ನಮಸ್ಕಾರ. 'ಸಪ್ತ ಸಾಗರದಾಚೆ ಎಲ್ಲೋ'ದಲ್ಲಿ ಅಷ್ಟು ಮೆಲ್ಲಗೆ ಮಾತಾಡ್ತಿದ್ದ ರುಕ್ಮಿಣಿ ವಸಂತ್ ಇವರೇನಾ ಅಂತ ಬಾಯಿ ಬಿಟ್ಕೊಂಡು ನೋಡಿದೆ.

ಆದರೂ ಒಂದು ತಕರಾರು. 2022ರ 'ಕಾಂತಾರ'ದಲ್ಲಿ ಮಗನಿಗೆ ಮುಖಮೂತಿ ನೋಡದೆ ಬೈಯೋ ಕಮಲಮ್ಮ ಇದ್ರು, ಮಾನಸಿ ಸುಧೀರ್. ರಾಂಪನಾಗಿ ಇದೇ ಪ್ರಕಾಶ್ ತುಮಿನಾಡು ಇದ್ರು. ಊರು ಊರಾಗಿತ್ತು. ಇಲ್ಲಿ ಯುದ್ಧ, ರಥ, ಬೆಂಕಿಯ ಗದ್ದಲದಲ್ಲಿ ಪಕ್ಕದವರಿಗೆ ಉಸಿರಾಡೋಕೆ ಜಾಗ ಕಮ್ಮಿ. ಮನೆಗೆ ಬಂದು ಹಳೇದನ್ನ ಹಾಕಿ, ಕಮಲಮ್ಮ ಬೈಯೋ ದೃಶ್ಯಗಳನ್ನಷ್ಟೇ ಹುಡುಕಿ ಹುಡುಕಿ ನೋಡಿದೆ.

ಇನ್ನು ಬಾಕಿ ಇರೋದು 'ಡೇರ್‌ಡೆವಿಲ್ ಮುಸ್ತಾಫಾ': ತೇಜಸ್ವಿ ಓದುಗರೇ ದುಡ್ಡು ಹಾಕಿ ಮಾಡಿದ ಸಿನಿಮಾ, ಅದರಲ್ಲಿ ತರಗತಿಯ ಹಿಂದಿನ ಬೆಂಚಿನ ಹುಡುಗರನ್ನ ನೋಡಬೇಕು. ಆಮೇಲೆ 'ಘಟಶ್ರಾದ್ಧ'. 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿದ ದುರಸ್ತಿಯಾದ ಪ್ರತಿ ಹತ್ತಿರದಲ್ಲೆಲ್ಲಾದ್ರೂ ಬಂದ್ರೆ ಬಸ್ಸು ಹತ್ತೋದೇ. ನವೆಂಬರಿಗೆ ಅರೇಬಿಕಾ ಕೊಯ್ಲು ಶುರು, ಅಷ್ಟರೊಳಗೆ ಇವೆರಡೂ ಆಗಬೇಕು. ಅಮ್ಮ ಆಗಲೇ ಮುಂದಿನ ಅರ್ಜಿ ಹಾಕಿದಾರೆ: 'ನಾಗರಹಾವು', ಅದೂ ಚಾಮಯ್ಯ ಮೇಷ್ಟ್ರ ಹೆಂಡತಿಯನ್ನ ನೋಡೋಕೆ.