ಕಚ್ಚಿದ ಮೇಲೆ ಎಷ್ಟು ಹೊತ್ತು?

ಹೊಸ ಜೋಂಬಿ ಚಿತ್ರಗಳು ಹಳೆಯವುಗಳ ಮಟ್ಟಕ್ಕೆ ಬರುತ್ತವೆಯೇ ಎಂಬ ಚರ್ಚೆ ಎದ್ದಾಗಲೆಲ್ಲ ಮಾತು ಸುತ್ತಿ ಸುತ್ತಿ ಒಂದೇ ಕಡೆ ಬಂದು ನಿಲ್ಲುತ್ತದೆ: ಹೆಣ ನಡೆಯಬೇಕೋ, ಓಡಬೇಕೋ? ಇದಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ನ ಸ್ಮಶಾನದಲ್ಲಿ ಎದುರಾಗುವ ಮೊಟ್ಟಮೊದಲ ಹೆಣವೇ ಸಾಕಷ್ಟು ಚುರುಕಾಗಿ ಬೆನ್ನಟ್ಟುತ್ತದೆ, ಕಲ್ಲೆತ್ತಿಕೊಂಡು ಕಾರಿನ ಗಾಜು ಒಡೆಯುತ್ತದೆ. ಹತ್ತು ವರ್ಷದ ನಂತರದ ‘ಡಾನ್ ಆಫ್ ದಿ ಡೆಡ್’ನಲ್ಲಿ ಎರಡು ಮಕ್ಕಳ ಹೆಣಗಳು ಓಡಿಯೇ ಬರುತ್ತವೆ. ಎರಡನ್ನೂ ಮಾಡಿದವರು ಜಾರ್ಜ್ ರೊಮೆರೊ. ನಿಧಾನದ ನಡಿಗೆ ಅವರಿಗೆ ಒಂದು ಒಲವಾಗಿತ್ತು. ಅದನ್ನು ಕಟ್ಟಳೆ ಮಾಡಿದ್ದು ಪ್ರೇಕ್ಷಕರ ನೆನಪು.

ನಾನು ಹಿಡಿಯುವ ಅಳತೆ ಬೇರೆ. ಒಬ್ಬರಿಗೆ ಕಡಿತ ಬಿದ್ದ ಗಳಿಗೆಯಿಂದ ಅವರು ಅವರಲ್ಲದೆ ಎದ್ದು ನಿಲ್ಲುವವರೆಗೆ ಚಿತ್ರ ಎಷ್ಟು ಹೊತ್ತು ಕೊಡುತ್ತದೆ? ಆ ಹೊತ್ತಿನಲ್ಲಿ ಜೊತೆಗಿದ್ದವರು ಏನು ಮಾಡುತ್ತಾರೆ? ಈ ಅಳತೆಗೆ ಹಚ್ಚಿದರೆ ಹಳತು ಹೊಸತರ ಜಗಳ ಬೇರೆಯೇ ರೀತಿ ಕಾಣುತ್ತದೆ. ಮುಂದೆ ಹಲವು ಚಿತ್ರಗಳ ಕೊನೆಗಳನ್ನೂ ಹೇಳಿಯೇ ಮಾತಾಡಬೇಕಾಗುತ್ತದೆ, ನೋಡದವರು ಗಮನಿಸಿ.

ರೊಮೆರೊಗಿಂತ ಮುಂಚೆ ಕಡಿತವೇ ಇರಲಿಲ್ಲ. 1932ರ ‘ವೈಟ್ ಜೋಂಬಿ’ಯಲ್ಲಿ ಹೈಟಿಯ ಸಕ್ಕರೆ ಗಿರಣಿಯಲ್ಲಿ ದುಡಿಯುವ ಜೋಂಬಿಗಳು ಯಾರನ್ನೂ ತಿನ್ನುವುದಿಲ್ಲ, ಅವರು ಮಾಟಕ್ಕೆ ಸಿಕ್ಕ ಜೀತದಾಳುಗಳು, ಭಯವೆಲ್ಲ ಅವರನ್ನು ಆಡಿಸುವ ಯಜಮಾನನದು. 1968ರಲ್ಲಿ ಯಜಮಾನ ಹೋದ, ಹಸಿವು ಬಂತು. ಕುತೂಹಲದ ಸಂಗತಿಯೆಂದರೆ ಆ ಚಿತ್ರದಲ್ಲಿ ‘ಜೋಂಬಿ’ ಎಂಬ ಮಾತು ಒಮ್ಮೆಯೂ ಬರುವುದಿಲ್ಲ. ಅಲ್ಲಿ ಅವು ‘ಗೂಲ್’ಗಳು, ಹೆಣ ತಿನ್ನುವ ಪಿಶಾಚಿಗಳು.

ಇನ್ನೊಂದು ಸಂಗತಿಯನ್ನು ಎಷ್ಟೋ ಜನ ಮರೆತಿದ್ದಾರೆ. ರೊಮೆರೊ ಲೋಕದಲ್ಲಿ ಎದ್ದು ಬರಲು ಕಡಿತವೇ ಬೇಕಿಲ್ಲ, ಸತ್ತರೆ ಸಾಕು. ಯಾವ ಕಾರಣಕ್ಕೆ ಸತ್ತರೂ ಮಿದುಳು ಹಾಳಾಗಿರದಿದ್ದರೆ ಏಳುತ್ತಾರೆ. ಕಡಿತ ಕೊಲ್ಲುತ್ತದೆ, ಎಬ್ಬಿಸುವುದು ಸಾವು. ಇದರ ಪರಿಣಾಮ ದೊಡ್ಡದು: ಬಾಗಿಲಿಗೆ ಎಷ್ಟೇ ಹಲಗೆ ಹೊಡೆದರೂ ಒಳಗೆ ಮಲಗಿರುವ ಕಾಯಿಲೆಯವರು ಅಪಾಯವೇ. ‘ಡಾನ್’ನ ಆರಂಭದಲ್ಲಿ ಪೊಲೀಸರು ನುಗ್ಗುವ ವಸತಿ ಕಟ್ಟಡದಲ್ಲಿ ಜನ ತಮ್ಮವರ ಹೆಣಗಳನ್ನು ಸರಕಾರಕ್ಕೆ ಒಪ್ಪಿಸದೆ ನೆಲಮಾಳಿಗೆಯಲ್ಲಿ ಇಟ್ಟುಕೊಂಡಿರುತ್ತಾರೆ. ಎದ್ದು ಬಂದ ಗಂಡನನ್ನು ಹೆಂಡತಿಯೊಬ್ಬಳು ತಬ್ಬಿಕೊಳ್ಳುತ್ತಾಳೆ, ಅವನು ಅವಳ ಭುಜಕ್ಕೆ ಬಾಯಿ ಹಾಕುತ್ತಾನೆ. ಆ ತಬ್ಬುಗೆಯೇ ಈ ಪ್ರಕಾರದ ಹೃದಯ. ಹೊರಗಿನಿಂದ ನುಗ್ಗುವ ಸಾವಿರ ಹೆಣಗಳಿಗಿಂತ ನಮ್ಮದೇ ಒಂದು ಹೆಣ ಹೆಚ್ಚು ಹೆದರಿಸುತ್ತದೆ, ಏಕೆಂದರೆ ಅದಕ್ಕೆ ಗುಂಡಿಕ್ಕಲು ಕೈ ಬರುವುದಿಲ್ಲ.

‘ನೈಟ್’ನಲ್ಲಿ ಕೆಲವರು ಹೆಣಗಳಿಂದ ತಪ್ಪಿಸಿಕೊಂಡು ಒಂದು ತೋಟದ ಮನೆ ಸೇರಿರುತ್ತಾರೆ. ಅವರಲ್ಲಿ ಕೂಪರ್ ದಂಪತಿಯ ಮಗಳು ಕ್ಯಾರೆನ್ ಕಡಿತಕ್ಕೆ ಸಿಕ್ಕು, ಜ್ವರದಿಂದ ನೆಲಮಾಳಿಗೆಯಲ್ಲಿ ಮಲಗಿರುತ್ತಾಳೆ. ಅವಳಿಗೆ ಏನಾಗುತ್ತದೆಂದು ಮೇಲಿನವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಗಂಟೆಗಟ್ಟಲೆ ಕಳೆಯುತ್ತದೆ. ಆ ಹೊತ್ತಿನಲ್ಲಿ ದೊಡ್ಡವರು ಮಾಡುವುದು ಜಗಳ: ಮೇಲಿರಬೇಕೋ, ಕೆಳಗಿಳಿಯಬೇಕೋ. ಬೆನ್ ಮೇಲೆಯೇ ಇರೋಣ ಎನ್ನುತ್ತಾನೆ, ಹ್ಯಾರಿ ಕೂಪರ್ ನೆಲಮಾಳಿಗೆಯೇ ಸರಿ ಎನ್ನುತ್ತಾನೆ. ನಮ್ಮ ಮನಸ್ಸು ಬೆನ್‌ನ ಕಡೆ, ಏಕೆಂದರೆ ಹ್ಯಾರಿ ಹೇಡಿ, ಮುಂಗೋಪಿ. ಕೊನೆಗೆ ಬೆನ್ ಬೆಳಗಿನವರೆಗೆ ಬದುಕುವುದು ಹ್ಯಾರಿ ಹೇಳಿದ ಆ ನೆಲಮಾಳಿಗೆಯಲ್ಲೇ. ಬೆಳಗಾದ ಮೇಲೆ ಹೊರಗಿನ ಬಂದೂಕುಧಾರಿಗಳು ಅವನನ್ನೂ ಹೆಣವೆಂದು ತಿಳಿದು ಹೊಡೆದುಹಾಕುತ್ತಾರೆ. ನಡುವೆ ಅದೇ ಮನೆಯಲ್ಲಿದ್ದ ಯುವಜೋಡಿ ಟಾಮ್ ಮತ್ತು ಜೂಡಿ ಸತ್ತದ್ದಾದರೂ ಹೇಗೆ? ತಂದ ಕೀಲಿ ಪೆಟ್ರೋಲ್ ಪಂಪಿಗೆ ಹೊಂದಲಿಲ್ಲ, ಬೀಗಕ್ಕೆ ಗುಂಡು ಹೊಡೆದರು, ಚೆಲ್ಲಿದ ಪೆಟ್ರೋಲು ನೆಲದಲ್ಲಿದ್ದ ಪಂಜಿಗೆ ತಾಗಿತು. ಹೆಣಗಳು ಅವರನ್ನು ಕೊಲ್ಲಲಿಲ್ಲ, ಸುಟ್ಟ ಮೇಲೆ ತಿಂದವು ಅಷ್ಟೆ. ಈ ಚಿತ್ರದ ಪ್ರತಿ ಸಾವಿಗೂ ಹೀಗೆ ಕೈಯಿಟ್ಟು ತೋರಿಸಬಹುದಾದ ಒಂದು ತಪ್ಪು ಅಥವಾ ಒಂದು ಮಮತೆ ಕಾರಣವಾಗಿರುತ್ತದೆ. ತಾಯಿ ಹೆಲೆನ್ ಕೂಪರ್ ಸತ್ತು ಎದ್ದ ಮಗಳ ಕೈಯಲ್ಲಿನ ಕರಣೆಯನ್ನು ಕಂಡೂ ತಡೆಯುವುದಿಲ್ಲ.

ಇದೆಲ್ಲ ಸುಮಾರು 1,14,000 ಡಾಲರಿನಲ್ಲಿ ಆಯಿತು. ಕಪ್ಪು ಬಿಳುಪು ಫಿಲ್ಮಿನಲ್ಲಿ ಕೆಂಪು ಹೇಗಿದ್ದರೂ ಬೂದಾಗಿ ಕಾಣುವುದರಿಂದ ರಕ್ತಕ್ಕೆ ಚಾಕೊಲೇಟ್ ಸಿರಪ್ ಸಾಕಾಯಿತು: ದಟ್ಟ, ಹೊಳಪು, ನಿಧಾನಕ್ಕೆ ಇಳಿಯುತ್ತದೆ. ಬಣ್ಣಕ್ಕೆ ಬಂದಾಗ ಇದೇ ಸಲೀಸು ಕೈಕೊಟ್ಟಿತು. ‘ಡಾನ್’ನಲ್ಲಿ ಮೇಕಪ್ ಕಲಾವಿದ ಟಾಮ್ ಸವಿನಿ ಬಳಸಿದ ರಕ್ತ ತೆರೆಯ ಮೇಲೆ ಪೇಂಟಿನಂತೆ ಉಜ್ವಲ ಕೆಂಪಾಯಿತು, ಬೂದು ಮೇಕಪ್ ಎಷ್ಟೋ ಕಡೆ ನೀಲಿಗೆ ತಿರುಗಿತು. ಆದರೂ ಆ ಹೆಣಗಳನ್ನು ನಾವು ಮರೆಯುವುದಿಲ್ಲ. ನರ್ಸ್, ಸನ್ಯಾಸಿನಿ, ಹರೇ ಕೃಷ್ಣ ಭಕ್ತ, ಒಬ್ಬೊಬ್ಬರ ಬಟ್ಟೆಯೂ ಅವರು ಯಾರಾಗಿದ್ದರೆಂದು ಹೇಳುತ್ತದೆ. ಕಥೆಯ ನಾಲ್ವರು ಅಡಗಿಕೊಳ್ಳುವ ಮನ್ರೋವಿಲ್ ಮಾಲ್ ರಾತ್ರಿ ಮುಚ್ಚಿದ ಮೇಲೆ ಚಿತ್ರೀಕರಿಸಿ, ಬೆಳಗ್ಗೆ ಅಂಗಡಿ ತೆರೆಯುವ ಮೊದಲು ಜಾಗ ಬಿಡಬೇಕಿತ್ತು. ಕ್ರಿಸ್‌ಮಸ್ ಅಲಂಕಾರ ಬಂದಾಗ ಕೆಲಸವನ್ನೇ ನಿಲ್ಲಿಸಿದರು. ಅಂಥ ಇಕ್ಕಟ್ಟಿನಲ್ಲೂ ಆ ಕಟ್ಟಡದ ನಕ್ಷೆ ನೋಡುಗರಿಗೆ ಬಾಯಿಪಾಠವಾಗುವಂತೆ ತೆಗೆದಿದ್ದಾರೆ: ಯಾವ ಬಾಗಿಲಿಗೆ ಲಾರಿ ಅಡ್ಡ ನಿಂತಿದೆ, ಅಡಗುತಾಣದ ಮೆಟ್ಟಿಲು ಯಾವ ಸುಳ್ಳು ಗೋಡೆಯ ಹಿಂದಿದೆ ಎಲ್ಲವೂ. ಆದ್ದರಿಂದಲೇ ಕೊನೆಯಲ್ಲಿ ಆ ನಾಲ್ವರಲ್ಲಿ ಒಬ್ಬನಾದ, ಸತ್ತು ಎದ್ದ ಸ್ಟೀಫನ್ ಹಳೆಯ ಅಭ್ಯಾಸದಿಂದ ನೇರ ಆ ಗೋಡೆಯ ಬಳಿಗೇ ನಡೆದಾಗ, ಅವನ ಹಿಂದೆ ಹಿಂಡು ಬಂದಾಗ, ಯಾರೂ ವಿವರಿಸಬೇಕಾಗುವುದಿಲ್ಲ.

2002ರ ‘28 ಡೇಸ್ ಲೇಟರ್’ ಗಡಿಯಾರವನ್ನೇ ಬದಲಿಸಿತು. ಡ್ಯಾನಿ ಬಾಯ್ಲ್ ನಿರ್ದೇಶನ, ಅಲೆಕ್ಸ್ ಗಾರ್ಲಂಡ್ ಚಿತ್ರಕಥೆ. ಅಲ್ಲಿರುವವರು ಸತ್ತವರಲ್ಲ, ಸೋಂಕಿತರು. ಉಣ್ಣದಿದ್ದರೆ ಹಸಿವಿನಿಂದಲೇ ಸಾಯುತ್ತಾರೆ. ರಕ್ತ ತಾಗಿದರೆ ಹತ್ತಿಪ್ಪತ್ತು ಸೆಕೆಂಡು. ಛಾಯಾಗ್ರಾಹಕ ಆಂಟನಿ ಡಾಡ್ ಮ್ಯಾಂಟಲ್ ಇದರ ಬಹುಪಾಲನ್ನು ಕ್ಯಾನನ್ ಎಕ್ಸ್‌ಎಲ್1 ಎಂಬ ಸಣ್ಣ ಡಿಜಿಟಲ್ ವಿಡಿಯೊ ಕ್ಯಾಮೆರಾದಲ್ಲಿ ಹಿಡಿದರು. ಹಗುರವಾದ್ದರಿಂದ ಲಂಡನ್ನಿನ ಬೀದಿಗಳಲ್ಲಿ ನಸುಕಿನ ಕೆಲವೇ ನಿಮಿಷ ವಾಹನ ತಡೆದು, ಹಲವು ಕ್ಯಾಮೆರಾ ಒಟ್ಟಿಗೆ ಓಡಿಸಿ ಖಾಲಿ ನಗರವನ್ನು ಹಿಡಿಯಲಾಯಿತು. ಶಟರ್ ವೇಗ ಏರಿಸಿದರೆ ಚಲನೆಯ ಮಸುಕು ಹೋಗಿ ಓಟ ತುಂಡು ತುಂಡಾಗಿ ಕಾಣುತ್ತದೆ. ಸೋಂಕಿತರ ಆ ಜಗ್ಗುವ ಓಟದ ಭಯ ಅರ್ಧ ಅಲ್ಲಿಂದಲೇ ಬಂದದ್ದು.

ಇಪ್ಪತ್ತು ಸೆಕೆಂಡಿನಲ್ಲಿ ಕ್ಯಾರೆನ್‌ಳಂಥ ಕಾಯುವಿಕೆಗೆ ಜಾಗವಿಲ್ಲ. ಗಾರ್ಲಂಡ್ ಇದನ್ನು ಅರಿತೇ ಬರೆದಿದ್ದಾರೆ. ಮಾರ್ಕ್‌ನ ತೋಳಿನಲ್ಲಿ ಗಾಯ ಕಂಡ ಕ್ಷಣ ಅವನ ಜೊತೆಗಾರ್ತಿ ಸೆಲೀನಾ ಮಚ್ಚು ಬೀಸುತ್ತಾಳೆ. ತೀರ್ಮಾನ ಆಗಲೇ, ಎಂದೋ, ಆಗಿಬಿಟ್ಟಿತ್ತು. ಅವಳು ಯಾರಾಗಿದ್ದಾಳೆ ಎಂಬುದನ್ನು ಆ ಒಂದು ಏಟು ಹೇಳುತ್ತದೆ. ಮುಂದೆ ಫ್ರಾಂಕ್‌ನ ಕಣ್ಣಿಗೆ ಮೇಲಿನ ಹೆಣದಿಂದ ಒಂದು ಹನಿ ರಕ್ತ ಬೀಳುತ್ತದೆ. ಅವನಿಗೆ ತಿಳಿಯುತ್ತದೆ. ಮಗಳಿಗೆ ನಿನ್ನ ಮೇಲೆ ನನಗೆ ಪ್ರೀತಿ ಎನ್ನುತ್ತಾನೆ, ಮರುಕ್ಷಣವೇ ಹತ್ತಿರ ಬರಬೇಡ ಎಂದು ದೂರ ತಳ್ಳುತ್ತಾನೆ. ಹಳೆಯ ಚಿತ್ರಗಳು ಒಂದು ರಾತ್ರಿಯಲ್ಲಿ ಮಾಡಿದ್ದನ್ನು ಇದು ಇಪ್ಪತ್ತು ಸೆಕೆಂಡಿನಲ್ಲಿ ಮಾಡಿತು. ಈ ಒಂದು ದೃಶ್ಯಕ್ಕಾಗಿಯೇ ಇದನ್ನು ಹಳೆಯವುಗಳ ಪಕ್ಕ ಕೂರಿಸುತ್ತೇನೆ.

ಅನುಕರಿಸಿದವರು ವೇಗವನ್ನು ಮಾತ್ರ ಎತ್ತಿಕೊಂಡರು. 2004ರ ‘ಡಾನ್’ ರೀಮೇಕಿನ ಮೊದಲ ಹತ್ತು ನಿಮಿಷ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆಮೇಲೆ ಮಾಲ್‌ಗೆ ಜನ ತುಂಬುತ್ತಾರೆ, ಹತ್ತಾರು ಪಾತ್ರಗಳಾಗುತ್ತವೆ, ಮೂಲದಲ್ಲಿ ನಾಲ್ಕೇ ಜನ ಇದ್ದಾಗ ಒಬ್ಬರ ಕಡಿತಕ್ಕಿದ್ದ ಭಾರ ಕರಗಿಹೋಗುತ್ತದೆ. ಅದೇ ವರ್ಷ ಬಂದ ಹಾಸ್ಯಚಿತ್ರ ‘ಶಾನ್ ಆಫ್ ದಿ ಡೆಡ್’ ರೊಮೆರೊಗೆ ಹೆಚ್ಚು ಹತ್ತಿರ. ಶಾನ್‌ನ ತಾಯಿ ಬಾರ್ಬರಾ ಕಡಿತವನ್ನು ಮುಚ್ಚಿಡುತ್ತಾಳೆ, ಮಕ್ಕಳಿಗೆ ಯಾಕೆ ತೊಂದರೆ ಎಂದು. ಎಂಥ ತಾಯಿಯೂ ಹಾಗೇ ಮಾಡುವಳಲ್ಲವೇ? ನಗುತ್ತಿದ್ದವರು ಆ ಕೋಣೆಯಲ್ಲಿ ಸುಮ್ಮನಾಗುತ್ತಾರೆ.

2013ರ ‘ವರ್ಲ್ಡ್ ವಾರ್ ಝಡ್’ ಜೆರುಸಲೇಮಿನ ಗೋಡೆಯ ಮೇಲೆ ಹೆಣಗಳ ಗುಡ್ಡ ಕಟ್ಟಿತು. ನೋಡಲು ಬೆರಗು. ಆದರೆ ಅದು ನೀರಿನಂತೆ ಹರಿಯುವ ಡಿಜಿಟಲ್ ರಾಶಿ, ಅದರಲ್ಲಿ ಒಂದು ಮುಖವೂ ಉಳಿಯುವುದಿಲ್ಲ. ಆ ಚಿತ್ರದಲ್ಲಿ ನಿಜವಾಗಿ ಉಸಿರು ಹಿಡಿಸುವ ಎರಡು ಗಳಿಗೆಗಳು ನಾಯಕ ಗೆರ್ರಿ ಸೆಕೆಂಡು ಎಣಿಸುವಾಗ ಬರುತ್ತವೆ. ಬಾಯಿಗೆ ಸೋಂಕಿತ ರಕ್ತ ಹೋಗಿದೆ ಎಂದು ತಾರಸಿಯ ಅಂಚಿನಲ್ಲಿ ಹಾರಲು ಸಿದ್ಧನಾಗಿ ನಿಂತು ಎಣಿಸುತ್ತಾನೆ. ಸೈನಿಕೆಯ ಕಚ್ಚಿಸಿಕೊಂಡ ಕೈ ಕತ್ತರಿಸಿ ಅವಳ ಮುಖ ನೋಡುತ್ತ ಎಣಿಸುತ್ತಾನೆ. ರಷ್ಯಾದಲ್ಲಿ ನಡೆಯುವ ಭಾರೀ ಯುದ್ಧದ ಕ್ಲೈಮ್ಯಾಕ್ಸನ್ನು ಕೈಬಿಟ್ಟು, ಪ್ರಯೋಗಾಲಯದ ಮೌನ ಕಾರಿಡಾರುಗಳಲ್ಲಿ ಹೊಸ ಕೊನೆಯನ್ನು ಮತ್ತೆ ಚಿತ್ರೀಕರಿಸಿದರು. ಸಣ್ಣದಾದಾಗಲೇ ಚಿತ್ರ ಬಿಗಿಯಾಯಿತು.

ಜಾಗ ಕಾಣದೆ ಹೋದರೂ ಭಯ ಹೋಗುತ್ತದೆ. 2021ರ ‘ಆರ್ಮಿ ಆಫ್ ದಿ ಡೆಡ್’ಗೆ ಝಾಕ್ ಸ್ನೈಡರ್ ತಾವೇ ಕ್ಯಾಮೆರಾ ಹಿಡಿದು, ಎಫ್ 0.95ರಷ್ಟು, ಅಂದರೆ ಬಹಳ ಅಗಲವಾಗಿ, ತೆರೆಯುವ ಹಳೆಯ ಲೆನ್ಸುಗಳನ್ನು ಬಳಸಿದರು. ಅಷ್ಟು ತೆರೆದಾಗ ಫೋಕಸ್ ಕೂದಲೆಳೆಯಷ್ಟಾಗುತ್ತದೆ: ಮೂಗು ಸ್ಪಷ್ಟ, ಕಿವಿ ಮಸುಕು, ಹಿನ್ನೆಲೆಯಂತೂ ಬರೀ ಬಣ್ಣದ ಕಲೆ. ಪ್ರೇಮಕಥೆಗೆ ಚೆನ್ನು. ಜೋಂಬಿ ಚಿತ್ರದಲ್ಲಿ ಅಪಾಯ ಹಿನ್ನೆಲೆಯಲ್ಲಿ ಹುಟ್ಟಬೇಕು. ಪಾತ್ರಕ್ಕಿಂತ ಮೊದಲು ನಮ್ಮ ಕಣ್ಣಿಗೆ ಬಿದ್ದು, ಹಿಂದೆ ನೋಡು ಎಂದು ಕೂಗುವ ಹಾಗಾಗಬೇಕು. ಹಿನ್ನೆಲೆ ಕರಗಿದರೆ ಉಳಿಯುವುದು ದಿಢೀರ್ ಬೆಚ್ಚಿಬೀಳುವುದು ಮಾತ್ರ.

ರಕ್ತದ ವಿಷಯದಲ್ಲಿ ಹೊಸಬರನ್ನಷ್ಟೇ ದೂರುವುದು ಅನ್ಯಾಯ. ಕಡೆಯ ಚಿತ್ರಗಳಲ್ಲಿ ರೊಮೆರೊ ಕೂಡ ಡಿಜಿಟಲ್ ರಕ್ತಕ್ಕೆ ಹೋದರು. ಕಾರಣ ಸರಳ. ನಿಜದ ರಕ್ತದ ಚೀಲ ಒಡೆದ ಶಾಟ್ ಕೆಟ್ಟರೆ ಬಟ್ಟೆ ಬದಲಿಸಿ, ಗೋಡೆ ಒರೆಸಿ ಮತ್ತೆ ಶುರುಮಾಡಬೇಕು, ಸಣ್ಣ ಬಜೆಟ್ಟಿಗೆ ಆ ಸಮಯ ಎಟುಕದು. ಆದರೆ ಗಾಳಿಯಲ್ಲಿ ಚಿಮ್ಮಿದ ಡಿಜಿಟಲ್ ರಕ್ತ ನೆಲಕ್ಕೆ ಬೀಳುವುದೇ ಇಲ್ಲ. ಮುಂದಿನ ಶಾಟಿನಲ್ಲಿ ನೆಲ ಒಣಗಿಯೇ ಇರುತ್ತದೆ, ಕಣ್ಣು ಅದನ್ನು ಹಿಡಿದುಬಿಡುತ್ತದೆ.

ಹಾಗಾದರೆ ಈಚಿನವುಗಳಲ್ಲಿ ಯಾವುವು ನಿಲ್ಲುತ್ತವೆ? ಸ್ಪೇನಿನ ‘ರೆಕ್’ (2007) ನಿಸ್ಸಂದೇಹವಾಗಿ. ಒಂದೇ ಕಟ್ಟಡ, ಒಂದೇ ಮೆಟ್ಟಿಲಸಾಲು, ಹೊರಗಿನಿಂದ ಅಧಿಕಾರಿಗಳೇ ಬೀಗ ಹಾಕಿದ್ದಾರೆ. ಕಡಿತದಿಂದ ಬದಲಾಗಲು ಎಷ್ಟು ಹೊತ್ತೆಂಬುದು ರಕ್ತದ ಗುಂಪಿನ ಮೇಲೆ ನಿಂತಿದೆ ಎಂದು ಆರೋಗ್ಯ ಇಲಾಖೆಯವನು ಹೇಳುತ್ತಾನೆ. ಇದೊಂದು ಮಾತಿನಿಂದ ಅಲ್ಲಿರುವ ಪ್ರತಿಯೊಬ್ಬರೂ ಅನುಮಾನಕ್ಕೆ ಒಳಗಾಗುತ್ತಾರೆ, ತಾಯಿಯ ತೋಳಿನಲ್ಲಿ ಜ್ವರದಿಂದ ಒರಗಿರುವ ಪುಟ್ಟ ಹುಡುಗಿಯೂ. ಕ್ಯಾರೆನ್ ಮತ್ತೆ ಬಂದಳು.

‘ಟ್ರೈನ್ ಟು ಬೂಸಾನ್’ (2016) ನಿಯಮಗಳನ್ನು ಮಾತಿಲ್ಲದೆ ಕಲಿಸುತ್ತದೆ: ಅವಕ್ಕೆ ಬಾಗಿಲು ತೆರೆಯಲು ಬಾರದು, ಕಾಣದಿದ್ದರೆ ಆಕ್ರಮಣವಿಲ್ಲ, ಗಾಜಿಗೆ ಒದ್ದೆ ಪತ್ರಿಕೆ ಅಂಟಿಸಿದರೆ ಶಾಂತ, ಸುರಂಗದ ಕತ್ತಲಲ್ಲಿ ಸದ್ದೊಂದೇ ದಾರಿ. ಬೋಗಿಯಿಂದ ಬೋಗಿಗೆ ಹೋಗುವ ಉಪಾಯವೆಲ್ಲ ಈ ನಾಲ್ಕರಿಂದಲೇ ಹುಟ್ಟುತ್ತದೆ. ಗಡಿಯಾರದಲ್ಲಿ ಮಾತ್ರ ಚಿತ್ರ ಮೋಸ ಮಾಡುತ್ತದೆ. ಹೆಸರಿಲ್ಲದವರು ಕ್ಷಣದಲ್ಲಿ ತಿರುಗಿಬೀಳುತ್ತಾರೆ, ಮುಖ್ಯ ಪಾತ್ರಗಳಿಗೆ ನಿಮಿಷಗಳೇ ಸಿಗುತ್ತವೆ. ಅದು ದೋಷವೇ. ಆದರೆ ಆ ಕದ್ದ ನಿಮಿಷಗಳಲ್ಲಿ ತಂದೆ ಬ್ರೇಕ್ ತೋರಿಸಿಕೊಟ್ಟು, ಮಗಳಿಂದ ದೂರ ನಡೆದು, ರೈಲಿನಿಂದ ಬೀಳುವುದು ನೆರಳಿನಲ್ಲಿ ಮಾತ್ರ ಕಾಣುವಾಗ, ದೋಷವನ್ನು ಎತ್ತಿ ಆಡುವ ಮನಸ್ಸಾಗುವುದಿಲ್ಲ. ಅದೇ ನಿರ್ದೇಶಕರ ‘ಪೆನಿನ್ಸುಲಾ’ (2020) ರೈಲು ಬಿಟ್ಟು ಕಂಪ್ಯೂಟರ್ ಕಾರುಗಳ ಹಿಂದೆ ಹೋಯಿತು, ಅಷ್ಟೇ ಸಾಕು.

ಆಸ್ಟ್ರೇಲಿಯಾದ ‘ಕಾರ್ಗೋ’ (2017) ಗಡಿಯಾರವನ್ನು ನಾಯಕನ ಮಣಿಕಟ್ಟಿಗೇ ಕಟ್ಟುತ್ತದೆ, 48 ಗಂಟೆ, ಬೆನ್ನಿನ ಮೇಲೆ ಹಸುಗೂಸು. ನಡುಭಾಗ ಜಾಳು, ನಿಜ. ಜಪಾನಿನ ‘ಒನ್ ಕಟ್ ಆಫ್ ದಿ ಡೆಡ್’ 37 ನಿಮಿಷದ ಒಂದೇ ಶಾಟಿನಿಂದ ಶುರುವಾಗುತ್ತದೆ. ಅಲ್ಲಿ ಏನೇ ಅಡ್ಡಾದಿಡ್ಡಿ ಅನಿಸಿದರೂ ಎದ್ದು ಹೋಗಬಾರದು, ಉತ್ತರ ಮುಂದಿದೆ. 2025ರ ‘28 ಇಯರ್ಸ್ ಲೇಟರ್’ನಲ್ಲಿ ಬಹುಪಾಲು ಐಫೋನ್ ಬಳಸಿದ್ದಾರೆ, ಚೌಕಟ್ಟು 2.76:1ರಷ್ಟು ಅಗಲ. ಇಳಿತದಲ್ಲಿ ಮಾತ್ರ ತೆರೆದುಕೊಳ್ಳುವ ಕಡಲ ದಾರಿಯ ಮೇಲೆ ತಂದೆ ಮಗ ಓಡುವ ರಾತ್ರಿಯಲ್ಲಿ ಜಾಗ, ನಿಯಮ, ಹೊತ್ತು ಮೂರೂ ಒಂದೇ ದೃಶ್ಯದಲ್ಲಿ ಕೂಡಿವೆ.

ನೋಡಹೊರಟವರಿಗೆ ಕೆಲವು ಮಾತು. ‘ನೈಟ್’ ಹೆಸರು ಬದಲಿಸುವಾಗ ಹಕ್ಕುಸ್ವಾಮ್ಯದ ಸೂಚನೆ ಬಿಟ್ಟುಹೋಗಿ ಸಾರ್ವಜನಿಕ ಸೊತ್ತಾಯಿತು, ಹಾಗಾಗಿ ಎಲ್ಲೆಲ್ಲೂ ಕೆಟ್ಟ ಪ್ರತಿಗಳಿವೆ. ಬಣ್ಣ ಬಳಿದವನ್ನು ಮುಟ್ಟಬೇಡಿ. 2016ರಲ್ಲಿ ಹೊರಬಂದ 4ಕೆ ಮರುಸ್ಥಾಪನೆಯನ್ನೇ ಹುಡುಕಿ. ‘ಡಾನ್’ಗೆ ಮೂರು ರೂಪಗಳಿವೆ: 127 ನಿಮಿಷದ್ದು ರೊಮೆರೊ ಬಿಡುಗಡೆ ಮಾಡಿದ್ದು, 119 ನಿಮಿಷದ್ದು ಇಟಲಿಯ ನಿರ್ದೇಶಕ ಡಾರಿಯೊ ಅರ್ಜೆಂಟೊ ಯುರೋಪಿಗೆ ಕತ್ತರಿಸಿದ್ದು, 139 ನಿಮಿಷದ್ದು ಕಾನ್ ಚಿತ್ರೋತ್ಸವದ ಆವೃತ್ತಿ. ಮೊದಲ ಸಲಕ್ಕೆ 127ರದ್ದು. ‘28 ಡೇಸ್’ನ ಬಹುಪಾಲು ಮೂಲವೇ 576 ಗೆರೆಗಳ ವಿಡಿಯೊ, ದೊಡ್ಡ ತೆರೆಯಲ್ಲಿ ಒರಟಾಗಿ ಕಂಡರೆ ಟಿವಿಯ ತಪ್ಪಲ್ಲ.

ಹೋಲಿಸಲೇಬೇಕೆಂದಿದ್ದರೆ ‘ಡಾನ್’ನ ರೋಜರ್ ಸಾಯುವ ದೃಶ್ಯದಿಂದ ಶುರುಮಾಡಿ. ಹುಮ್ಮಸ್ಸಿನಲ್ಲಿ ಚೀಲ ಮರೆತು ಲಾರಿಗೆ ಮರಳಿ ಕಚ್ಚಿಸಿಕೊಂಡವನು, ತಿರುಗಿ ಬರದಿರಲು ಪ್ರಯತ್ನಿಸುತ್ತೇನೆ ಎಂದು ಗೆಳೆಯನಿಗೆ ಮಾತು ಕೊಡುತ್ತಾನೆ. ಪೀಟರ್ ಬಂದೂಕು ಹಿಡಿದು ಎದುರಿಗೆ ಕೂತಿದ್ದಾನೆ. ಟಿವಿಯಲ್ಲಿ ಯಾರೋ ವಾದಿಸುತ್ತಿದ್ದಾರೆ. ಹೊದಿಕೆ ಅಲುಗುತ್ತದೆ.