ಮಾರ್ಕ್ಸ್ ಇಲ್ಲದ ಇಂಗ್ಲಿಷ್ ಪರೀಕ್ಷೆ

ಅಪ್ಪ ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವರು. ಹಾಸನ, ಧಾರವಾಡ, ರಾಯಚೂರು ಅಂತ ವರ್ಗವಾದ ಕಡೆಯೆಲ್ಲ ಉತ್ತರಪತ್ರಿಕೆಗಳ ಕಟ್ಟು ಮನೆಗೆ ಬರುತ್ತಿತ್ತು. ರಾತ್ರಿ ಊಟ ಆದಮೇಲೆ ಬಿಚ್ಚಿಕೊಂಡು ಕೂರೋರು. ‘ಎ’ ಬಿಟ್ಟುಹೋದ ಕಡೆ, ‘ದ’ ಬಿಟ್ಟುಹೋದ ಕಡೆ ಒಂದೊಂದು ಕೆಂಪು ಗೀಟು. ಅದಕ್ಕೇ 2014ರಲ್ಲಿ ಫೇಸ್‌ಬುಕ್ಕಿನಲ್ಲಿ ಎಲ್ಲರೂ ಹಂಚಿಕೊಳ್ಳುತ್ತಿದ್ದ ‘ವಿಚ್ ಇಂಗ್ಲಿಷ್?’ ಅನ್ನೋ ಕ್ವಿಜ್ ಕಣ್ಣಿಗೆ ಬಿದ್ದಾಗ, ಇದನ್ನು ಅಪ್ಪನ ಜೊತೆ ಕೂತೇ ಮಾಡಬೇಕು ಅನ್ನಿಸಿತು.

ಆಗ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿದ್ದ ಸಂಶೋಧಕ ಜೋಶುವಾ ಹಾರ್ಟ್ಸ್‌ಹಾರ್ನ್ ‘ಗೇಮ್ಸ್ ವಿತ್ ವರ್ಡ್ಸ್’ ಜಾಲತಾಣದಲ್ಲಿ ಇಟ್ಟಿದ್ದ ಕ್ವಿಜ್ ಅದು. ಕೆಲವು ಪ್ರಶ್ನೆಗಳಿಗೆ ಒಂದು ವಾಕ್ಯ ಕೊಟ್ಟು, ಸರಿಹೊಂದುವ ಚಿತ್ರ ಆರಿಸಿ ಅನ್ನುತ್ತೆ. ಇನ್ನು ಕೆಲವಕ್ಕೆ ವಾಕ್ಯಗಳ ಪಟ್ಟಿ ಕೊಟ್ಟು, ಇದರಲ್ಲಿ ನಿಮ್ಮ ಕಿವಿಗೆ ಸರಿ ಅನ್ನಿಸೋದು ಯಾವುದು ಅಂತ ಕೇಳುತ್ತೆ. ಕೊನೆಗೆ ನಿಮ್ಮದು ಯಾವ ಕಡೆಯ ಇಂಗ್ಲಿಷ್, ನಿಮ್ಮ ತಾಯ್ನುಡಿ ಯಾವುದು ಅಂತ ಊಹಿಸುತ್ತೆ. ಎರಡಕ್ಕೂ ಮೂರು ಮೂರು ಊಹೆ.

ಮೊದಲು ನಾನು ಮಾಡಿದೆ. ಅಪ್ಪ ಪಕ್ಕದಲ್ಲಿ ಕನ್ನಡಕ ಏರಿಸಿಕೊಂಡು ನೋಡುತ್ತಿದ್ದರು. ನನ್ನ ಇಂಗ್ಲಿಷ್ ಸಿಂಗಾಪುರದ್ದು ಅಂತ ಬಂತು! ತಾಯ್ನುಡಿಯ ಮೂರು ಊಹೆಗಳಲ್ಲಿ ಕನ್ನಡದ ಸುಳಿವೇ ಇರಲಿಲ್ಲ.

“ಸಿಂಗಾಪುರ ಯಾಕೆ ಬಂತೇ?” ಅಂದರು ಅಪ್ಪ.

ಹಿಂದೆ ಉತ್ತರ ಕೊಟ್ಟವರ ಜೊತೆ ನಮ್ಮ ಉತ್ತರ ಹೋಲಿಸಿ ಯಾರಿಗೆ ಹತ್ತಿರವೋ ಅವರ ಹೆಸರು ಹೇಳುತ್ತೆ ಅಂದೆ. ಊಹೆ ಮುಗಿದ ಮೇಲೆ ನಿಜವಾದ ತಾಯ್ನುಡಿ, ಇಂಗ್ಲಿಷ್ ಕಲಿಯೋಕೆ ಶುರು ಮಾಡಿದ ವಯಸ್ಸು, ಇಂಗ್ಲಿಷ್ ಮಾತಾಡುವ ದೇಶದಲ್ಲಿ ಎಷ್ಟು ವರ್ಷ ಇದ್ದಿರಿ, ಇದನ್ನೆಲ್ಲ ಕೇಳುತ್ತೆ. ಹಾಗೆ ಜನ ಹೇಳಿದಷ್ಟೂ ಅದು ಕಲಿಯುತ್ತೆ. ಸಿಂಗಾಪುರದಲ್ಲಿ ತಮಿಳು ಕೂಡ ಆಡಳಿತ ಭಾಷೆ. ಅಲ್ಲಿನ ಇಂಗ್ಲಿಷಿಗೂ ನಮ್ಮದಕ್ಕೂ ಎಲ್ಲೋ ನಂಟಿದ್ದರೆ ಆಶ್ಚರ್ಯ ಇಲ್ಲ ಅಂತ ನನ್ನ ಅಂದಾಜು.

ಆಮೇಲೆ ಅಪ್ಪನ ಸರದಿ. ಒಂದೊಂದು ವಾಕ್ಯವನ್ನೂ ಜೋರಾಗಿ ಓದಿ ತೀರ್ಪು ಕೊಡುತ್ತಿದ್ದರು. ‘ಥ್ರೋ ಮಿ ಡೌನ್ ದ ಸ್ಟೇರ್ಸ್ ಮೈ ಶೂಸ್’ ಅನ್ನೋದು ಬಂದಾಗ ಮೌಸ್ ಬಿಟ್ಟು ಹಿಂದಕ್ಕೆ ಒರಗಿದರು.

“ಏನಮ್ಮಾ ಇದು? ಮೆಟ್ಟಿಲ ಮೇಲಿಂದ ನನ್ನನ್ನೇ ಎಸಿ ಅಂದಹಾಗಿದೆ. ಇಂಥದ್ದನ್ನ ಯಾರು ಹೇಳ್ತಾರೆ?”

ಹುಡುಕಿ ನೋಡಿದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡೆಯವರು ಹೇಳುತ್ತಾರಂತೆ. ಚಪ್ಪಲಿ ಕೆಳಕ್ಕೆ ಎಸಿ ಅನ್ನೋಕೆ ಅಲ್ಲಿ ಅದು ಸಹಜವಾದ ಮಾತು. ‘ಐ ಆಮ್ ಡನ್ ಮೈ ಹೋಮ್‌ವರ್ಕ್’ ಅಂದರೂ ಕೆನಡಾದಲ್ಲಿ ಯಾರೂ ಹುಬ್ಬೇರಿಸಲ್ಲ. ಅಪ್ಪ ಕೇಳಿಸಿಕೊಂಡರು. “ಹುಟ್ಟಿದಾಗಿಂದ ಇಂಗ್ಲಿಷ್ ಆಡಿಕೊಂಡು ಬಂದವರು, ಅಲ್ವಾ?” ಅಂತ ಖಚಿತ ಮಾಡಿಕೊಂಡರು. “ನಾನಾಗಿದ್ರೆ ಇದಕ್ಕೆ ಅರ್ಧ ಮಾರ್ಕೂ ಕೊಡ್ತಿರಲಿಲ್ಲ.”

ಅವರ ಫಲಿತಾಂಶದಲ್ಲಿ ಇಂಗ್ಲೆಂಡ್ ಅಂತ ಬಂತು. ನನಗೇನೂ ಆಶ್ಚರ್ಯ ಆಗಲಿಲ್ಲ. ಬ್ರಿಟಿಷ್ ವ್ಯಾಕರಣದ ಹಳೇ ಪುಸ್ತಕಗಳನ್ನು ಅರೆದು ಕುಡಿದವರು ಅವರು.

ನನಗೆ ಈ ಕ್ವಿಜ್ ಇಷ್ಟವಾಗಿದ್ದು ಊಹೆ ಸರಿಯಾಗುತ್ತೋ ತಪ್ಪಾಗುತ್ತೋ ಅನ್ನೋ ಕುತೂಹಲಕ್ಕಲ್ಲ. ಇಂಗ್ಲಿಷಿನ ವಿಷಯದಲ್ಲಿ ಯಾರಾದರೂ ನನ್ನನ್ನು ‘ನೀವು ಹೇಗೆ ಹೇಳ್ತೀರಿ?’ ಅಂತ ಕೇಳಿದ್ದು ಅದೇ ಮೊದಲು. ಶಾಲೆ, ಇಂಟರ್‌ವ್ಯೂ, ಆಫೀಸು, ಎಲ್ಲ ಕಡೆ ನಮ್ಮ ಇಂಗ್ಲಿಷನ್ನು ತೂಗುತ್ತಾರೆ. ಕನ್ನಡ ಮೀಡಿಯಂನಿಂದ ಬಂದವರಿಗೆ ಮೀಟಿಂಗಿನಲ್ಲಿ ಬಾಯಿ ತೆರೆಯೋ ಮೊದಲೇ ಎದೆ ಢವಢವ ಅನ್ನುತ್ತೆ. ಇಲ್ಲಿ ಹಾಗಲ್ಲ. ನ್ಯೂಫೌಂಡ್‌ಲ್ಯಾಂಡಿನವರ ಉತ್ತರಕ್ಕಿರುವ ಬೆಲೆಯೇ ನನ್ನ ಉತ್ತರಕ್ಕೂ ಇತ್ತು.

ಬೇಜಾರಾಗಿದ್ದು ಒಂದೇ. ನಮ್ಮ ಕಡೆಯ ಇಂಗ್ಲಿಷನ್ನು ಹಿಡಿಯುವ ಪ್ರಶ್ನೆ ನನಗೆ ಅಲ್ಲಿ ಕಾಣಲಿಲ್ಲ. ‘ಟುಡೇ ಇಟ್‌ಸೆಲ್ಫ್ ಐ ವಿಲ್ ಸೆಂಡ್’ ಅಂದರೆ ಬೆಂಗಳೂರಿನ ಯಾವ ಆಫೀಸಿನಲ್ಲೂ ಯಾರೂ ತಿರುಗಿ ನೋಡಲ್ಲ. ‘ಐ ಆಮ್ ಹ್ಯಾವಿಂಗ್ ಟು ಸಿಸ್ಟರ್ಸ್’ ಕೂಡ ಹಾಗೇ. ಇಂಥ ನಾಲ್ಕು ವಾಕ್ಯ ಸೇರಿಸಿದ್ದರೆ ಸಿಂಗಾಪುರದ ಸಹವಾಸ ತಪ್ಪುತ್ತಿತ್ತೇನೋ. ಕನ್ನಡವೋ ತೆಲುಗೋ ಅನ್ನೋದನ್ನು ಆಗಲೂ ಹೇಳೋದು ಕಷ್ಟವೇ. ಇವು ನಮ್ಮ ಒಬ್ಬರ ಸ್ವತ್ತಲ್ಲ.

2018ರಲ್ಲಿ ಆ ಕ್ವಿಜ್ ಯಾಕಾಗಿತ್ತು ಅಂತ ಗೊತ್ತಾಯಿತು. ಹಾರ್ಟ್ಸ್‌ಹಾರ್ನ್, ಜೋಶ್ ಟೆನೆನ್‌ಬಾಮ್, ಸ್ಟೀವನ್ ಪಿಂಕರ್ ಸೇರಿ 6,69,498 ಜನರ ಉತ್ತರಗಳನ್ನಿಟ್ಟು ‘ಕಾಗ್ನಿಷನ್’ ಪತ್ರಿಕೆಯಲ್ಲಿ ಲೇಖನ ಬರೆದರು. ವ್ಯಾಕರಣ ಕಲಿಯುವ ಶಕ್ತಿ 17 ವರ್ಷ ದಾಟುವ ತನಕ ಚೆನ್ನಾಗಿರುತ್ತೆ, ಆಮೇಲೆ ಇಳಿಯುತ್ತೆ. ಹುಟ್ಟಿನಿಂದ ಆಡುವವರ ಮಟ್ಟ ಮುಟ್ಟಬೇಕಾದರೆ 10 ವರ್ಷದ ಆಸುಪಾಸಿಗೆ ಶುರು ಮಾಡಿರಬೇಕು. ಇದು ಅವರ ತೀರ್ಮಾನ. ಅದೇ ಅಂಕಿಗಳನ್ನು 2021ರಲ್ಲಿ ಮತ್ತೆ ಲೆಕ್ಕ ಹಾಕಿದವರು, 17ರ ಗಡಿ ಎಲ್ಲರಿಗೂ ಒಂದೇ ಥರ ಹೊಂದಲ್ಲ, ಕೆಲವು ಥರದ ಕಲಿಯುವವರಲ್ಲಿ ಆ ಶಕ್ತಿ ನಿಧಾನಕ್ಕೆ ಇಳಿಯುತ್ತಾ ಹೋಗುತ್ತೆ ಅಂದರು.

10 ವರ್ಷ ಅನ್ನೋದನ್ನು ಓದಿ ನಾನು ಅಲ್ಲೇ ನಿಂತೆ. ನಮ್ಮ ಕಾಲದ ಕನ್ನಡ ಶಾಲೆಗಳಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದದ್ದೇ ಐದನೇ ಕ್ಲಾಸಿಗೆ. ಮನೆಯಲ್ಲೇ ಮೇಷ್ಟ್ರಿದ್ದರೂ ಅಪ್ಪ ನನಗೆ ಮೊದಲೇ ಕಲಿಸಲಿಲ್ಲ. ಕನ್ನಡ ಗಟ್ಟಿಯಾಗಲಿ ಅನ್ನೋರು. ಹಾಗಂತ ನನಗೆ ಬೇಸರ ಇಲ್ಲ. ವಾರಕ್ಕೆ ಒಂದಿಷ್ಟು ಪೀರಿಯಡ್ ಪಾಠ ಕೇಳೋದು ಬೇರೆ, ಇಡೀ ದಿನ ಆ ಭಾಷೆಯಲ್ಲಿ ಆಡಿ ಜಗಳವಾಡಿ ಬೆಳೆಯೋದು ಬೇರೆ. ವಯಸ್ಸು ಒಂದನ್ನೇ ಹಿಡಿದುಕೊಂಡು ಒಂದನೇ ಕ್ಲಾಸಿನಿಂದಲೇ ಎಲ್ಲವನ್ನೂ ಇಂಗ್ಲಿಷಿನಲ್ಲಿ ತುಂಬಬೇಕು ಅನ್ನೋರು ಈ ವ್ಯತ್ಯಾಸ ನೋಡಬೇಕು.

ಕ್ವಿಜ್ ಮುಗಿಸಿದ ಸಂಜೆಯೇ ಅಪ್ಪ ಒಂದು ಹಳೇ ಡೈರಿ ಹುಡುಕಿ ತೆಗೆದರು. ಕನ್ನಡಕ್ಕೂ ಇಂಥದ್ದು ಮಾಡಬಹುದಲ್ವಾ ಅಂತ. ಕೆಲಸ ಮಾಡಿದ ಊರುಗಳೆಲ್ಲ ಅವರ ತಲೆಯಲ್ಲಿವೆ. ಮೊದಲ ಪ್ರಶ್ನೆ: ಅವನು ಬಂದಿದಾನೆ, ಬಂದವ್ನೆ, ಬಂದಾನ, ನಿಮ್ಮ ಕಿವಿಗೆ ಸರಿ ಯಾವುದು? ಎರಡನೆಯದು: ಹೋಗೋಣ, ಹೋಗೂನು, ಹೋಗುವ. ಮಂಡ್ಯ, ಧಾರವಾಡ, ಮಂಗಳೂರು ಇಷ್ಟರಲ್ಲೇ ಬೇರೆಯಾಗಿಬಿಡುತ್ತವೆ. ಈಗ ಆ ಪಟ್ಟಿಯನ್ನು ನಾನು ಕಂಪ್ಯೂಟರಿಗೆ ಏರಿಸಿದ್ದೇನೆ. ಯಾರಾದರೂ ಕ್ವಿಜ್ ಮಾಡೋಕೆ ಮುಂದೆ ಬಂದರೆ ಪೂರ್ತಿ ಕೊಡುತ್ತೇವೆ. ರಾಯಚೂರು ಕಡೆಯ ವಾಕ್ಯಗಳು ಇನ್ನೂ ಕಮ್ಮಿ ಇವೆ, ಅಲ್ಲಿಯವರು ಒಂದಿಷ್ಟು ಸೇರಿಸಿ.